ಮನಸ್ಸಿಟ್ಟು ನೋಡಿ, ಫೋಟೊ ತೆಗೆಯಿರಿ: ಮಿದುಳಿನ ಅಲೆಗೆ ಕ್ಯಾಮೆರಾ ಜೋಡಿಸುವುದು ಹೇಗೆ?

ಮಿದುಳಿನ ವಿದ್ಯುತ್ ಅಲೆ ಅಳೆಯುವ ಇಇಜಿ ಹೆಡ್‌ಸೆಟ್ ಹಾಕಿಕೊಂಡು, ಹುಬ್ಬು ಗಂಟಿಕ್ಕಿ, ಹಲ್ಲು ಕಚ್ಚಿ ಎದುರಿನ ವಸ್ತುವನ್ನು ದಿಟ್ಟಿಸುವವರನ್ನು ನೋಡಿ ನೋಡಿ ಇದನ್ನು ಬರೆಯುತ್ತಿದ್ದೇನೆ. ಫೋಟೊ ಬರುತ್ತದೆ, ನಿಜ. ಆದರೆ ಅದನ್ನು ತೆಗೆದದ್ದು ಮಿದುಳಲ್ಲ, ಹಣೆಯ ಸ್ನಾಯು.

ಹಣೆಗೆ ಒಂದು ಒಣ ಎಲೆಕ್ಟ್ರೋಡ್ (ಜೆಲ್ ಹಚ್ಚದೆ ಚರ್ಮಕ್ಕೆ ತಾಗಿಸಿ ಸಿಗ್ನಲ್ ಹಿಡಿಯುವ ತುದಿ), ಕಿವಿಗೆ ಒಂದು ಕ್ಲಿಪ್ ಇರುವ ಹೆಡ್‌ಸೆಟ್ ಸಾಕು. 2014ರಲ್ಲಿ ಕ್ಯಾಮೆರಾ ಇರುವ ಕನ್ನಡಕ ಗೂಗಲ್ ಗ್ಲಾಸ್‌ಗಾಗಿ ಬಂದ ಮೈಂಡ್‌ಆರ್‌ಡಿಆರ್ ಆ್ಯಪ್ ಕೂಡ ನ್ಯೂರೋಸ್ಕೈ ಕಂಪನಿಯ ಇಂಥದ್ದೇ ಹೆಡ್‌ಸೆಟ್ ನಂಬಿಕೊಂಡಿತ್ತು. ಗಮನ ಇಟ್ಟರೆ ಫೋಟೊ, ಮತ್ತೊಮ್ಮೆ ಇಟ್ಟರೆ ಹಂಚಿಕೆ. ಎಷ್ಟು ಗಮನವಿದೆ ಎಂಬ ಅಂಕ ಮಾತ್ರ ತೋರಿಸಿ, ಎಲೆಕ್ಟ್ರೋಡ್ ಹಿಡಿದ ಮೂಲ ಸಿಗ್ನಲ್ ಕೊಡದ ಹೆಡ್‌ಸೆಟ್ ಕೊಳ್ಳಬೇಡಿ. ‘ಫೋಟೊ ಅಂತ ಯೋಚಿಸಿದರೆ ಸಾಕು’ ಎನ್ನುವ ಜಾಹೀರಾತನ್ನೂ ನಂಬಬೇಡಿ. ಹಣೆಯ ಎಲೆಕ್ಟ್ರೋಡ್ ಪದಗಳನ್ನು ಓದುವುದಿಲ್ಲ.

ಹಣೆ, ಕಿವಿಯ ಹಾಲೆ ಒರೆಸಿ. ಎಲೆಕ್ಟ್ರೋಡ್ ಕೆಳಗೆ ಕೂದಲು ಸಿಗಬಾರದು. ನ್ಯೂರೋಸ್ಕೈ ಹೆಡ್‌ಸೆಟ್‌ನಲ್ಲಿ ಸಿಗ್ನಲ್‌ನ ದೋಷ ತೋರಿಸುವ ಅಂಕ 0 ಬಂದರೆ ಗಾಬರಿ ಬೇಡ, ಅದೇ ಒಳ್ಳೆಯದು! 200 ಬಂದರೆ ಚರ್ಮಕ್ಕೆ ತಾಗಿಲ್ಲ ಎಂದರ್ಥ. ಬ್ಲೂಟೂತ್‌ನಲ್ಲಿ ಫೋನಿಗೆ, ಫೋನಿನಿಂದ ಕ್ಯಾಮೆರಾಗೆ ಜೋಡಿಸಿ. ಪಕ್ಕದಲ್ಲಿ ಚಾರ್ಜರ್ ಇದ್ದರೆ ದೂರ ಇಡಿ, ಕರೆಂಟಿನ ಗದ್ದಲ ಸಿಗ್ನಲ್‌ಗೆ ಸೇರಿಕೊಳ್ಳುತ್ತದೆ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಗಮನದ ಅಂಕ 0ಯಿಂದ 100ರವರೆಗೆ ಇರುತ್ತದೆ. ಎಷ್ಟು ದಾಟಿದರೆ ಫೋಟೊ ತೆಗೆಯಬೇಕು ಎಂಬ ಗಡಿಯನ್ನು ಫೋನಿನ ಆ್ಯಪ್ ತಾನೇ ಇಟ್ಟಿರುತ್ತದೆ. ಅದನ್ನು ಹಾಗೇ ಬಿಡಬೇಡಿ. ಮೊದಲು ಎರಡು ನಿಮಿಷ ಸುಮ್ನೆ ಕೂತು ಅಂಕ ಬರೆದುಕೊಳ್ಳಿ. ಆಮೇಲೆ ಎರಡು ನಿಮಿಷ 100ರಿಂದ ಏಳೇಳು ಕಳೆಯುತ್ತಾ ಹೋಗಿ. ಮುಖ ಸಡಿಲವಾಗಿರಲಿ. ಸುಮ್ಮನಿದ್ದಾಗ ಅಪರೂಪಕ್ಕೆ ಮಾತ್ರ ತಲುಪುವ, ಲೆಕ್ಕ ಮಾಡುವಾಗ ಆಗಾಗ ತಲುಪುವ ಅಂಕವೇ ನಿಮ್ಮ ಗಡಿ. ಇದು ಒಬ್ಬೊಬ್ಬರಿಗೆ ಒಂದೊಂದು. ಗೆಳೆಯರದ್ದನ್ನು ನಕಲು ಮಾಡಿದರೆ ಕೆಲಸಕ್ಕೆ ಬಾರದು.

ಒಂದು ಸಲ ಗಡಿ ಮುಟ್ಟಿದ ಕೂಡಲೇ ಫೋಟೊ ತೆಗೆಸಬೇಡಿ. ಅಂಕ ಸೆಕೆಂಡಿಗೊಮ್ಮೆ ಬರುತ್ತದೆ. ಸತತ ಮೂರು ಅಂಕ ಗಡಿ ಮೇಲಿದ್ದರೆ ಮಾತ್ರ ಫೋಟೊ, ನಂತರ ಹತ್ತು ಸೆಕೆಂಡ್ ವಿರಾಮ ಎಂದು ಇಡಿ. ಇಲ್ಲದಿದ್ದರೆ ‘ಬಂತು!’ ಎಂಬ ಖುಷಿಗೇ ಇನ್ನಷ್ಟು ಫೋಟೊ ಬೀಳುತ್ತವೆ.

ಈಗ ಬೇಕೆಂದೇ ಹುಬ್ಬು ಗಂಟಿಕ್ಕಿ, ಹಲ್ಲು ಕಚ್ಚಿ, ಜೋರಾಗಿ ಮಾತಾಡಿ. ಕ್ಯಾಮೆರಾ ಸುಮ್ಮನಿರಬೇಕು. ಮಿದುಳಿನ ಸಿಗ್ನಲ್ ಸಾಮಾನ್ಯವಾಗಿ ಕೆಲವು ಹತ್ತು ಮೈಕ್ರೋವೋಲ್ಟ್ ಅಷ್ಟೇ. ಕಣ್ಣು ಮಿಟುಕಿಸಿದರೆ 100 ದಾಟುವುದುಂಟು. ಹಾಗಾಗಿ ಮೂಲ ಸಿಗ್ನಲ್ 100 ಮೈಕ್ರೋವೋಲ್ಟ್ ದಾಟಿದ ಸೆಕೆಂಡನ್ನು ಲೆಕ್ಕಕ್ಕೆ ಹಿಡಿಯದಂತೆ ಮಾಡಿ.

ಎರಡು ಸಲ ಕಣ್ಣು ಮಿಟುಕಿಸಿ ಫೋಟೊ ತೆಗೆಯುವ ಅಡ್ಡದಾರಿ ಇದೆ, ಚೆನ್ನಾಗಿ ನಡೆಯುತ್ತದೆ ಕೂಡ. ಆದರೆ ಅದು ಕಣ್ಣಿನ ಆಟ ಅಲ್ವಾ? ನನ್ನ ಪ್ರಕಾರ ಅದನ್ನು ಫೋಟೊ ರದ್ದು ಮಾಡಲು ಇಟ್ಟುಕೊಳ್ಳಿ.

ಕೂತು ಸರಿಯಾದ ಮೇಲೆ ನಿಂತು ನೋಡಿ. ನಡೆಯುತ್ತಾ ಬಳಸುವುದು ಬೇಡ, ಹೆಡ್‌ಸೆಟ್‌ನ ಪಟ್ಟಿ ಅಲುಗಾಡಿದರೆ ಸಿಗ್ನಲ್ ಕೆಡುತ್ತದೆ. ಕ್ಯಾಮೆರಾದ ಬೀಪ್ ಸದ್ದನ್ನು ಮಾತ್ರ ಆಫ್ ಮಾಡಬೇಡಿ. ನಿಮ್ಮ ಎದುರು ಕೂತವರಿಗೂ ಫೋಟೊ ಬಿದ್ದದ್ದು ಗೊತ್ತಾಗಬೇಕು.