ಮಿಕ್ಸರ್ ಮಾಡಲು ಹೋಗಿ ಐಸಿ ಸುಟ್ಟ ಕಥೆ

ಕುವೆಂಪುನಗರದ ನಮ್ಮ ಮನೆಯ ಮಹಡಿ ರೂಮಿನಲ್ಲಿ ಒಂದು ಮಾಡ್ಯುಲರ್ ಸಿಂಥಸೈಜರ್ (ಬಿಡಿಬಿಡಿ ಭಾಗಗಳನ್ನು ಕೇಬಲ್‌ನಿಂದ ಜೋಡಿಸಿ ನುಡಿಸುವ ಎಲೆಕ್ಟ್ರಾನಿಕ್ ವಾದ್ಯ) ನಿಧಾನಕ್ಕೆ ಬೆಳೆಯುತ್ತಿದೆ. ದನಿ ಹುಟ್ಟಿಸುವ ಮೂರು ಆಸಿಲೇಟರ್, ಅದನ್ನು ನಿಧಾನಕ್ಕೆ ಏರಿಳಿಸುವ ಒಂದು ಎಲ್‌ಎಫ್‌ಒ, ದನಿಯ ಗುಣ ಬದಲಿಸುವ ಒಂದು ಫಿಲ್ಟರ್ ಮುಗಿದಿತ್ತು. ಫಿಲ್ಟರ್‌ಗೆ ಇರುವುದು ಒಂದೇ ಇನ್‌ಪುಟ್. ಮೂರು ದನಿಯನ್ನೂ ಒಟ್ಟಿಗೆ ಕಳಿಸಬೇಕು ಅಂದರೆ ಮಿಕ್ಸರ್ ಬೇಕೇ ಬೇಕಲ್ವಾ?

ಮೊದಲು ಸೋಮಾರಿತನ ಮಾಡಿದೆ. ಮೂರು 10ಕೆ (ಅಂದರೆ 10 ಸಾವಿರ ಓಮ್) ರೆಸಿಸ್ಟರ್‌ಗಳ ತುದಿ ಸೇರಿಸಿ, ಅಲ್ಲಿಂದ ಒಂದು ವೈರ್ ಎಳೆದು ಫಿಲ್ಟರ್‌ಗೆ ಕೊಟ್ಟೆ. ದನಿ ಬಂತು, ಆದರೆ ಸತ್ತ ದನಿ. ಹೀಗೆ ಕೂಡಿಸಿದರೆ ಪ್ರತಿಯೊಂದೂ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದಕ್ಕಿಂತ ತಲೆಬಿಸಿ ಅಂದರೆ, ಒಂದು ಕೇಬಲ್ ಕಿತ್ತರೆ ಉಳಿದೆರಡು ಜೋರಾಗುತ್ತಿದ್ದವು, ಮತ್ತೆ ಚುಚ್ಚಿದರೆ ತಗ್ಗುತ್ತಿದ್ದವು. ನಮ್ಮೂರು ಮಂಡ್ಯ ಕಡೆ. ನಾಲೆಯಲ್ಲಿ ಮೇಲಿನವನು ತೂಬು ಎತ್ತಿದರೆ ಕೊನೆಯವನ ಗದ್ದೆಗೆ ನೀರು ಕಮ್ಮಿ, ಥೇಟ್ ಅದೇ ಕಥೆ.

ಆಮೇಲೆ ಬುದ್ಧಿ ಬಂದು ಟಿಎಲ್072 ಅನ್ನೋ ಎಂಟು ಕಾಲಿನ ಐಸಿ (ಚಿಪ್) ಹಿಡಿದೆ. ಅದರೊಳಗೆ ಎರಡು ಆಪ್-ಆಂಪ್, ಅಂದರೆ ಸಿಗ್ನಲ್ ಹಿಗ್ಗಿಸುವ ಸರ್ಕ್ಯೂಟ್ ಇವೆ. ಮೊದಲನೆಯದರ ಪ್ಲಸ್ ಕಾಲನ್ನು ಗ್ರೌಂಡ್‌ಗೆ ಕಟ್ಟಿದೆ. ಮೂರು 100ಕೆ ಪಾಟ್‌ಗಳ (ವಾಲ್ಯೂಮ್ ನಾಬ್‌ಗಳ) ನಡುಕಾಲಿನಿಂದ ಒಂದೊಂದು 100ಕೆ ರೆಸಿಸ್ಟರ್ ಮೈನಸ್ ಕಾಲಿಗೆ, ಔಟ್‌ಪುಟ್‌ನಿಂದ ಮತ್ತೆ ಅದೇ ಕಾಲಿಗೆ ಇನ್ನೊಂದು 100ಕೆ. ಮಜಾ ಇರುವುದು ಇಲ್ಲೇ. ಆ ಮೈನಸ್ ಕಾಲು ಸದಾ ಸೊನ್ನೆ ವೋಲ್ಟ್‌ನಲ್ಲೇ ಇರುವ ಹಾಗೆ ಐಸಿ ತನ್ನ ಔಟ್‌ಪುಟ್ ಏರಿಸುತ್ತಾ ಇಳಿಸುತ್ತಾ ಇರುತ್ತದೆ, ಹಾಗಾಗಿ ಬರುವ ಮೂರಕ್ಕೂ ಅದು ಗ್ರೌಂಡ್ ಥರಾನೇ ಕಾಣುತ್ತದೆ, ಒಂದರ ಸಮಾಚಾರ ಇನ್ನೊಂದಕ್ಕೆ ಗೊತ್ತೇ ಆಗುವುದಿಲ್ಲ. ಯಾವ ಕೇಬಲ್ ಕಿತ್ತರೂ ಉಳಿದವು ಅಲುಗಲಿಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಈ ಸರ್ಕ್ಯೂಟ್ ಸಿಗ್ನಲ್ಲನ್ನು ತಲೆಕೆಳಗು ಮಾಡುತ್ತದೆ, ಆದರೆ ಬರೀ ಆಡಿಯೋ ಆದರೆ ಕಿವಿಗೆ ಗೊತ್ತಾಗಲ್ಲ. ನಾನು ಯಾವ ಸ್ವರ ಅಂತ ಹೇಳುವ ಕೀಬೋರ್ಡಿನ ಪಿಚ್ ವೋಲ್ಟೇಜನ್ನೂ ಎಲ್‌ಎಫ್‌ಒವನ್ನೂ ಇದರಲ್ಲೇ ಕೂಡಿಸಲು ಹೋದೆ. ಮೇಲಿನ ಕೀ ಒತ್ತಿದರೆ ಸ್ವರ ಕೆಳಗೆ! ಐಸಿಯಲ್ಲಿ ಇನ್ನರ್ಧ ಸುಮ್ನೆ ಕೂತಿತ್ತಲ್ಲ, ಅದಕ್ಕೆ ಎರಡು 100ಕೆ ಹಾಕಿ ಮತ್ತೊಮ್ಮೆ ತಿರುಗಿಸಿದೆ, ಸರಿಹೋಯಿತು. ತಲೆಕೆಳಗಾದ ಸಿಗ್ನಲ್ಲಿಗೂ ಒಂದು ಜ್ಯಾಕ್ ಕೊಟ್ಟಿದ್ದೇನೆ, ಈಗ ಅದನ್ನೇ ಜಾಸ್ತಿ ಬಳಸುವುದು. ಪಿಚ್‌ಗೆ ಬಳಸುವುದಾದರೆ ರೆಸಿಸ್ಟರ್‌ಗಳನ್ನು ಮಲ್ಟಿಮೀಟರಿನಲ್ಲಿ ಅಳೆದು ಒಂದೇ ಥರದವನ್ನು ಆರಿಸಿ, ಇಲ್ಲದಿದ್ದರೆ ಆಕ್ಟೇವ್ (ಸ್ಥಾಯಿ) ಅಪಸ್ವರ ಹೊಡೆಯುತ್ತದೆ. ಇನ್‌ಪುಟ್‌ನಲ್ಲಿ ಕೆಪಾಸಿಟರ್ ಬೇಡ, ಅದಿದ್ದರೆ ನಿಧಾನದ ವೋಲ್ಟೇಜ್ ದಾಟುವುದೇ ಇಲ್ಲ.

ಪವರ್‌ಗೆ 12-0-12 ಟ್ರಾನ್ಸ್‌ಫಾರ್ಮರ್, ಪ್ಲಸ್ 12 ವೋಲ್ಟ್‌ಗೆ 7812, ಮೈನಸ್ 12ಕ್ಕೆ 7912 ರೆಗ್ಯುಲೇಟರ್. ಐಸಿಯ 4 ಮತ್ತು 8ನೇ ಕಾಲಿನ ಪಕ್ಕದಲ್ಲೇ ಗ್ರೌಂಡ್‌ಗೆ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಒಂದೊಂದು.

ಇನ್ನು ಸುಟ್ಟ ಕಥೆ. ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಲ್ಲಿ ಐಸಿಯನ್ನು ಸಾಕೆಟ್‌ಗೆ ತಿರುಗಾಮುರುಗಾ ಕೂರಿಸಿದೆ. ಹಾಗೆ ಕೂರಿಸಿದರೆ 4ನೇ ಕಾಲೂ 8ನೇ ಕಾಲೂ ಸರಿಯಾಗಿ ಅದಲುಬದಲು, ಅಂದರೆ ಪ್ಲಸ್ ಇರಬೇಕಾದಲ್ಲಿ ಮೈನಸ್. ಮುಟ್ಟಿ ನೋಡಿದೆ, ಬೆರಳು ಚುರ್ ಅಂದಿತು. ಮನೆಯಲ್ಲಿ ಇನ್ನೊಂದು ಐಸಿ ಇರಲಿಲ್ಲ. ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಹತ್ತು ತಂದೆ. ಈಗ ಪ್ರತಿ ಸಾಕೆಟ್‌ನ 1ನೇ ಕಾಲಿನ ಬಳಿ ಅಕ್ಕನ ನೈಲ್ ಪಾಲಿಶ್‌ನ ಕೆಂಪು ಚುಕ್ಕೆ ಇದೆ.

ಮೂರೂ ಆಸಿಲೇಟರ್ ಹಾಕಿ ನಾಬ್ ಪೂರ್ತಿ ತಿರುಗಿಸಿದರೆ ದನಿ ಒಡೆಯುತ್ತದೆ, ಯಾಕೆಂದರೆ ತಲಾ 5 ವೋಲ್ಟ್ ಅಂದರೂ ಒಟ್ಟು 15, ಇರುವ ಸಪ್ಲೈ 12. ಔಟ್‌ಪುಟ್‌ನಿಂದ ಮೈನಸ್ ಕಾಲಿಗೆ ಹಾಕಿದ ಫೀಡ್‌ಬ್ಯಾಕ್ ರೆಸಿಸ್ಟರನ್ನು 47ಕೆ ಮಾಡಿದರೆ ಸರಿಹೋಗುತ್ತದೆ, ನಾನು ಮಾಡಲಿಲ್ಲ, ಆ ಒರಟು ದನಿ ನನಗಿಷ್ಟ. ಊರಿಂದ ಬಂದಿದ್ದ ಅಪ್ಪ ಮಾತ್ರ ಕೆಳಗಿನಿಂದಲೇ ಕೂಗಿದರು: "ಏನ್ಲಾ ಅದು, ಪಂಪ್‌ಸೆಟ್ ಕೆಟ್ಟೋದಂಗೆ ಅರಚ್ಕತದೆ?"