ಗುಂಪಿಗೆ ಕಳ್ಳ ನುಗ್ಗಿದಾಗ ಮೊದಲ ಕಾಲು ಗಂಟೆ

ಹೂಮಳೆ ಎಷ್ಟು ಇಂಚು ಬಿತ್ತು, ಕಾಫಿಗೆ ಏನು ರೇಟು, ಆನೆ ಈಗ ಯಾರ ತೋಟದಲ್ಲಿದೆ: ಕೊಡಗಿನ ಊರೂರಿನ ವಾಟ್ಸ್‌ಆ್ಯಪ್ ಗುಂಪುಗಳು ಇಂಥ ಸುದ್ದಿಯಿಂದಲೇ ಬದುಕಿವೆ. ಅಲ್ಲಿಗೊಂದು ದಿನ ಪರಿಚಿತರ ನಂಬರಿನಿಂದಲೇ 'ಮದುವೆ ಆಮಂತ್ರಣ' ಎಂಬ ಫೈಲ್ ಬರುತ್ತದೆ. ಹೆಸರಿನ ಕೊನೆ ನೋಡಿ. '.apk' (ಎಪಿಕೆ) ಎಂದಿದ್ದರೆ ಅದು ಕಾಗದವೂ ಅಲ್ಲ, ಫೋಟೊವೂ ಅಲ್ಲ, ಆ್ಯಪ್. ಇನ್‌ಸ್ಟಾಲ್ ಮಾಡಿ ಅನುಮತಿ ಕೊಟ್ಟರೆ ಫೋನಿಗೆ ಬರುವ ಎಸ್‌ಎಂಎಸ್‌ಗಳು, ಬ್ಯಾಂಕಿನ ಒಟಿಪಿ ಸಮೇತ, ಕಳ್ಳರ ಕೈಸೇರುತ್ತವೆ. ವಾಟ್ಸ್‌ಆ್ಯಪ್ ಖಾತೆ ಹೋಗುವುದೂ ಹೀಗೆಯೇ.

ಸದಸ್ಯರು ಫೈಲ್ ಮುಟ್ಟಬಾರದು. ಎಚ್ಚರಿಸಲೆಂದೂ ಫಾರ್ವರ್ಡ್ ಮಾಡಬೇಡಿ, ವಿಷವೂ ಜೊತೆಯಲ್ಲೇ ಹೋಗುತ್ತದೆ. ನಂಬರು ಮತ್ತು ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಆ ವ್ಯಕ್ತಿಗೆ ಮಾಮೂಲಿ ಫೋನ್ ಮಾಡಿ. ವಾಟ್ಸ್‌ಆ್ಯಪ್ ಕರೆಯನ್ನು ಕಳ್ಳನೇ ಎತ್ತಬಹುದು. ಗುಂಪಿನಲ್ಲಿ ಬೈಯುವುದಂತೂ ಬೇಡವೇ ಬೇಡ. ಮೋಸಹೋದವರು ನಾಚಿಕೆಯಿಂದ ಬಾಯಿಮುಚ್ಚಿ ಕೂತರೆ ಆ ಹೊತ್ತಿನಲ್ಲೇ ಖಾತೆ ಖಾಲಿಯಾಗುತ್ತದೆ.

ಅಡ್ಮಿನ್‌ಗಳಿಗೆ ಕ್ರಮ ಮುಖ್ಯ. ಕದ್ದ ನಂಬರು ಅಡ್ಮಿನ್‌ದೇ ಆಗಿದ್ದರೆ ಮೊದಲು ಅದರ ಅಡ್ಮಿನ್ ಹಕ್ಕು ಕಿತ್ತುಹಾಕಿ, ತಡಮಾಡಿದರೆ ಕಳ್ಳನೇ ನಿಮ್ಮನ್ನು ತೆಗೆಯುತ್ತಾನೆ. ಆಮೇಲೆ 'ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸಬಹುದು' ಎಂದು ಬದಲಿಸಿ, ಆ ನಂಬರನ್ನು ಗುಂಪಿನಿಂದ ತೆಗೆಯಿರಿ. ಸ್ಕ್ರೀನ್‌ಶಾಟ್ ಆದ ಮೇಲಷ್ಟೇ ಫೈಲನ್ನು ಎಲ್ಲರಿಗೂ ಅಳಿಸಿ. ಮೊದಲೇ ಅಳಿಸಿದರೆ ದೂರಿಗೆ ಸಾಕ್ಷಿ ಉಳಿಯದು. ಗುಂಪಿಗೆ ಸೇರುವ ಇನ್ವೈಟ್ ಲಿಂಕ್ ರೀಸೆಟ್ ಮಾಡಿ, ಹಳೆಯದು ಕಳ್ಳನ ಬಳಿ ಇರಬಹುದು. ಕೊನೆಗೆ ಎಲ್ಲರಿಗೂ ಗೊತ್ತಿರುವ ದನಿಯಲ್ಲಿ, ಕನ್ನಡದಲ್ಲೋ ಕೊಡವ ತಕ್ಕ್‌ನಲ್ಲೋ ಅರೆಭಾಷೆಯಲ್ಲೋ, ಒಂದು ವಾಯ್ಸ್ ಮೆಸೇಜ್: 'ಅಣ್ಣನ ನಂಬರು ಕದ್ದಿದ್ದಾರೆ. ಆ ಫೈಲ್ ತೆರೆಯಬೇಡಿ, ದುಡ್ಡು ಕೇಳಿದರೆ ಕೊಡಬೇಡಿ, ತೆರೆದವರು ನನಗೆ ಫೋನ್ ಮಾಡಿ.' ಓದಲು ಕನ್ನಡಕ ಹುಡುಕುವ ಹಿರಿಯರಿಗೂ ಇದು ತಲುಪುತ್ತದೆ.

ಗುಂಪನ್ನು ಬಹಳ ಹೊತ್ತು ಮುಚ್ಚಿಡಬೇಡಿ. ಸಿದ್ದಾಪುರ, ತಿತಿಮತಿ ಕಡೆ ಬೆಳಿಗ್ಗೆ ತೋಟಕ್ಕೆ ಹೊರಡುವ ಕಾರ್ಮಿಕರಿಗೆ ಆನೆಯ ಸುದ್ದಿ ತಪ್ಪಿದರೆ ಅದು ಜೀವದ ಪ್ರಶ್ನೆ. ಮುಚ್ಚಿರುವಷ್ಟು ಹೊತ್ತು ಅಂಥ ಸುದ್ದಿ ತಿಳಿಸಲು ಯಾವ ಅಡ್ಮಿನ್‌ಗೆ ಫೋನ್ ಮಾಡಬೇಕೆಂದು ಅಲ್ಲೇ ಬರೆದಿಡಿ.

ಆ್ಯಪ್ ಹಾಕಿಕೊಂಡವರು ಡೇಟಾ, ವೈಫೈ ಎರಡನ್ನೂ ಆಫ್ ಮಾಡಿ, ಸಿಮ್ ತೆಗೆಯಬೇಕು. ಆ ಫೋನಿನಲ್ಲಿ ಮತ್ತೆ ಒಟಿಪಿ ತರಿಸಿಕೊಂಡರೆ ಅದೂ ಕಳ್ಳನಿಗೇ ಹೋದೀತು. ಸಿಮ್ಮನ್ನು ಬಟನ್ ಫೋನಿಗೆ ಹಾಕಿ, ಮನೆಯವರ ಸ್ವಚ್ಛವಾದ ಸ್ಮಾರ್ಟ್‌ಫೋನಿನಲ್ಲಿ ನಿಮ್ಮ ನಂಬರಿನಿಂದ ವಾಟ್ಸ್‌ಆ್ಯಪ್ ನೋಂದಾಯಿಸಿ, ಬಂದ 6 ಅಂಕಿಯ ಕೋಡ್ ಕೊಡಿ. ಆ ಕ್ಷಣವೇ ಕಳ್ಳ ಹೊರಬೀಳುತ್ತಾನೆ. ಅವನು ಎರಡು ಹಂತದ ಪಿನ್ (ಕೋಡ್ ಜೊತೆಗೆ ವಾಟ್ಸ್‌ಆ್ಯಪ್ ಕೇಳುವ ಗುಟ್ಟಿನ ಅಂಕಿ) ಇಟ್ಟಿದ್ದರೆ ನಿಮಗೆ ಒಳಹೋಗಲು 7 ದಿನ ಕಾಯಬೇಕಾಗುತ್ತದೆ, ಆದರೂ ಅವನಂತೂ ಹೊರಗೆ. ಕರೆಗಳನ್ನು ಬೇರೆಡೆ ತಿರುಗಿಸಿರುವ ಅನುಮಾನವಿದ್ದರೆ ##002# ಒತ್ತಿ ರದ್ದು ಮಾಡಿ. ಹಾಳಾದ ಫೋನಿಗೆ ಫ್ಯಾಕ್ಟರಿ ರೀಸೆಟ್ (ಎಲ್ಲವನ್ನೂ ಅಳಿಸಿ ಹೊಸದರಂತೆ ಮಾಡುವುದು) ಆಗುವವರೆಗೆ ಸಿಮ್ ಹಿಂತಿರುಗಿಸಬೇಡಿ.

ಹಣ ಹೋಗಿದ್ದರೆ ಇದೆಲ್ಲಕ್ಕಿಂತ ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಜೊತೆಗೆ ಬ್ಯಾಂಕಿಗೆ. ಯುಪಿಐ ವಹಿವಾಟಿನ 12 ಅಂಕಿಯ ಯುಟಿಆರ್ (ವಹಿವಾಟಿನ ಗುರುತು) ಸಂಖ್ಯೆ, ಮೊತ್ತ, ಸಮಯ ಕೈಯಲ್ಲಿರಲಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ತಡೆಯಬೇಕಾದ್ದರಿಂದ ನಿಮಿಷಗಳೇ ಲೆಕ್ಕ. ದೂರಿನ ಸಂಖ್ಯೆ ಬರೆದುಕೊಂಡು, ಮಡಿಕೇರಿಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೆ ಸ್ಕ್ರೀನ್‌ಶಾಟ್ ಸಮೇತ ಹೋಗಿ. ಇನ್ನೊಬ್ಬರ ಗುರುತು ಕದಿಯುವುದು ಐಟಿ ಕಾಯ್ದೆಯ 66ಸಿ ಕಲಮಿನಡಿ 3 ವರ್ಷದವರೆಗೆ ಜೈಲಾಗಬಹುದಾದ ಅಪರಾಧ.

ಮಳೆಗಾಲದಲ್ಲಿ ಕರೆಂಟು, ಟವರು ಎರಡೂ ಕೈಕೊಡುವ ಊರು ನಮ್ಮದು. ಒಬ್ಬರೇ ಅಡ್ಮಿನ್ ಇರುವ ಗುಂಪಿನಲ್ಲಿ ಮೇಲಿನ ಯಾವ ಕೆಲಸವೂ ಸಮಯಕ್ಕೆ ಆಗದು. ಬೇರೆ ಬೇರೆ ಊರಿನ, ಬೇರೆ ಬೇರೆ ಕಂಪನಿಯ ಸಿಮ್ ಇರುವ ಮೂವರನ್ನು ಅಡ್ಮಿನ್ ಮಾಡಿ, ಮೂವರೂ ಇವತ್ತೇ ಎರಡು ಹಂತದ ಪಿನ್ ಹಾಕಿಕೊಳ್ಳಲಿ.