ಕಾಣದ ಗುಣವನ್ನು ಲೆಕ್ಕ ಹಾಕಿ ಹಿಡಿಯುವುದು ಹೇಗೆ?

ಕಪ್ಪು ಬಣ್ಣದ ಎರಡು ಲ್ಯಾಬ್ರಡಾರ್ ನಾಯಿಗಳಿಗೆ ಚಾಕೊಲೇಟ್ ಬಣ್ಣದ ಮರಿ ಹುಟ್ಟಬಹುದು. ಚಾಕೊಲೇಟ್ ಬಣ್ಣದ ಎರಡು ನಾಯಿಗಳಿಗೆ ಮಾತ್ರ ಕಪ್ಪು ಮರಿ ಹುಟ್ಟುವುದಿಲ್ಲ. 'ಎ' ಗುಂಪಿನ ತಾಯಿಗೂ 'ಬಿ' ಗುಂಪಿನ ತಂದೆಗೂ 'ಓ' ಗುಂಪಿನ ಮಗು ಹುಟ್ಟುವುದರಲ್ಲಿ ಅಚ್ಚರಿಯೇನೂ ಇಲ್ಲ. ಈ ಎರಡರ ಹಿಂದೆಯೂ ಇರುವುದು ಕಾಗದ ಮತ್ತು ಪೆನ್ಸಿಲ್ ಹಿಡಿದು ಯಾರೂ ಮಾಡಬಹುದಾದ ಒಂದೇ ಲೆಕ್ಕ. ಅದನ್ನು ಸಾಮಾನ್ಯವಾಗಿ ತಂದೆತಾಯಿಯಿಂದ ಮಕ್ಕಳ ಕಡೆಗೆ ಕಲಿಸಲಾಗುತ್ತದೆ. ಆದರೆ ಈ ಲೆಕ್ಕ ಹೆಚ್ಚು ಉಪಯೋಗಕ್ಕೆ ಬರುವುದು ಅದನ್ನು ಹಿಂದುಮುಂದಾಗಿ, ಮಕ್ಕಳನ್ನು ನೋಡಿ ತಂದೆತಾಯಿಯಲ್ಲಿ ಅಡಗಿರುವುದನ್ನು ತಿಳಿಯಲು ಬಳಸಿದಾಗ.

ಮೊದಲು ಗುಣವನ್ನು ಆರಿಸಿಕೊಳ್ಳಿ

ಎಲ್ಲ ಗುಣಗಳೂ ಈ ಲೆಕ್ಕಕ್ಕೆ ಒಗ್ಗುವುದಿಲ್ಲ. ಎತ್ತರ, ಚರ್ಮದ ಬಣ್ಣ, ಹಸುವಿನ ಹಾಲಿನ ಪ್ರಮಾಣ ಮುಂತಾದವುಗಳಲ್ಲಿ ಬಹಳಷ್ಟು ವಂಶವಾಹಿಗಳ ಕೈವಾಡವಿರುತ್ತದೆ, ಜೊತೆಗೆ ಆಹಾರ ಮತ್ತು ಪರಿಸರವೂ ಸೇರಿಕೊಳ್ಳುತ್ತವೆ. ನಾಲಗೆಯನ್ನು ಕೊಳವೆಯಂತೆ ಸುರುಳಿ ಮಾಡುವ ಸಾಮರ್ಥ್ಯ ಒಂದೇ ವಂಶವಾಹಿಯಿಂದ ಬರುತ್ತದೆ ಎಂದು ಹಳೆಯ ಪಠ್ಯಗಳು ಹೇಳುತ್ತಿದ್ದವು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲೂ ಒಬ್ಬರಿಗೆ ಅದು ಸಾಧ್ಯವಾಗಿ ಇನ್ನೊಬ್ಬರಿಗೆ ಆಗದಿರುವುದು ಕಂಡುಬಂದಿರುವುದರಿಂದ ಆ ಉದಾಹರಣೆಯನ್ನು ಕೈಬಿಡುವುದೇ ಮೇಲು. ರಕ್ತದ ಗುಂಪು, ಸಿಕಲ್ ಸೆಲ್ ಮತ್ತು ಥಲಸ್ಸೀಮಿಯಾದಂಥ ರಕ್ತದ ತೊಂದರೆಗಳು, ಕೆಂಪು-ಹಸಿರು ವರ್ಣಾಂಧತೆ, ಪ್ರಾಣಿಗಳ ಕೆಲವು ಮೈಬಣ್ಣಗಳು ಕಲಿಯುವವರಿಗೆ ತಕ್ಕವು.

ಜೋಡಿಯನ್ನು ಅಕ್ಷರಗಳಲ್ಲಿ ಬರೆಯಿರಿ

ದೇಹದ ಜೀವಕೋಶದಲ್ಲಿ ವರ್ಣತಂತುಗಳು ಜೋಡಿಯಾಗಿರುತ್ತವೆ: ಮನುಷ್ಯನಲ್ಲಿ 23 ಜೋಡಿ, ಹಸುವಿನಲ್ಲಿ 30, ನಾಯಿಯಲ್ಲಿ 39. ಪ್ರತಿ ಜೋಡಿಯಲ್ಲಿ ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದದ್ದು. ಹಾಗಾಗಿ ವರ್ಣತಂತುವಿನ ಮೇಲೆ ಕುಳಿತಿರುವ ವಂಶವಾಹಿಗೂ ಎರಡು ಪ್ರತಿಗಳಿರುತ್ತವೆ, ಮತ್ತು ಆ ಎರಡು ಪ್ರತಿಗಳು ಒಂದೇ ರೂಪದವಾಗಿರಬೇಕೆಂದಿಲ್ಲ. ಒಂದೇ ಪ್ರತಿಯಿದ್ದರೂ ಹೊರಗೆ ಕಾಣಿಸಿಕೊಳ್ಳುವ ರೂಪ ಪ್ರಬಲ. ಎರಡೂ ಪ್ರತಿಗಳು ತನ್ನವೇ ಆಗಿದ್ದಾಗ ಮಾತ್ರ ಕಾಣಿಸಿಕೊಳ್ಳುವುದು ಸುಪ್ತ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ಅನುಕೂಲವಿದೆ: ಪ್ರಬಲ ರೂಪಕ್ಕೆ ದೀರ್ಘಾಕ್ಷರ, ಸುಪ್ತ ರೂಪಕ್ಕೆ ಹ್ರಸ್ವಾಕ್ಷರ ಇಟ್ಟುಕೊಂಡರೆ ಗೊಂದಲವಾಗುವುದಿಲ್ಲ. ಲ್ಯಾಬ್ರಡಾರ್‌ನ ಕಪ್ಪು ಬಣ್ಣವನ್ನು 'ಕಾ' ಎಂದೂ ಚಾಕೊಲೇಟ್ ಬಣ್ಣವನ್ನು 'ಕ' ಎಂದೂ ಗುರುತಿಸೋಣ. ಹಳದಿ ನಾಯಿಗಳನ್ನು ಸದ್ಯಕ್ಕೆ ಬದಿಗಿಡೋಣ. ಚಾಕೊಲೇಟ್ ನಾಯಿ ಖಂಡಿತವಾಗಿ 'ಕ-ಕ'. ಕಪ್ಪು ನಾಯಿ 'ಕಾ-ಕಾ' ಆಗಿರಬಹುದು ಅಥವಾ 'ಕಾ-ಕ' ಆಗಿರಬಹುದು, ಮೈಬಣ್ಣ ನೋಡಿ ಇವೆರಡನ್ನು ಬೇರ್ಪಡಿಸಲಾಗದು. ಎರಡನೆಯದು ಚಾಕೊಲೇಟ್ ಬಣ್ಣದ ವಾಹಕ. ಗೊತ್ತಿಲ್ಲದ ಪ್ರತಿಯ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ; ಅದನ್ನು ಮುಂದೆ ತುಂಬುವುದೇ ನಮ್ಮ ಕೆಲಸ.

ಎಲ್ಲ ಗುಣಗಳಲ್ಲೂ ಪ್ರಬಲ-ಸುಪ್ತ ಎಂಬ ಮೇಲುಕೀಳು ಇರುವುದಿಲ್ಲ. ಶಾರ್ಟ್‌ಹಾರ್ನ್ ತಳಿಯಲ್ಲಿ ಕೆಂಪು ಹೋರಿಗೂ ಬಿಳಿ ಹಸುವಿಗೂ ಹುಟ್ಟಿದ ಕರುವಿನ ಮೈಮೇಲೆ ಕೆಂಪು ಮತ್ತು ಬಿಳಿ ಕೂದಲುಗಳೆರಡೂ ಬೆರೆತಿರುತ್ತವೆ. ರಕ್ತದ ಗುಂಪಿನಲ್ಲಿ 'ಎ' ಮತ್ತು 'ಬಿ' ಸಮಬಲದವು, 'ಓ' ಇವೆರಡರ ಮುಂದೆಯೂ ಸುಪ್ತ.

ಚೌಕ ಎಳೆಯಿರಿ

ಅಂಡಾಣು ಅಥವಾ ವೀರ್ಯಾಣು ರೂಪುಗೊಳ್ಳುವಾಗ ಪ್ರತಿ ಜೋಡಿಯೂ ಬೇರ್ಪಟ್ಟು ಅದರಲ್ಲೊಂದು ಮಾತ್ರ ಒಳಸೇರುತ್ತದೆ. ಯಾವುದು ಸೇರುತ್ತದೆ ಎಂಬುದು ನಾಣ್ಯ ಚಿಮ್ಮಿದಂತೆ, ಸಮಸಮ ಸಾಧ್ಯತೆಯದು. ಮನುಷ್ಯನ 23 ಜೋಡಿಗಳು ಹೀಗೆ ಬೇರ್ಪಡುವುದರಿಂದಲೇ ಒಬ್ಬ ವ್ಯಕ್ತಿಯಲ್ಲಿ 83,88,608 ಬಗೆಯ ಲಿಂಗಾಣುಗಳು ಸಾಧ್ಯ. ಎಂಬತ್ತನಾಲ್ಕು ಲಕ್ಷ ಎಂಬ ಮಾತು ಕೇಳಿ ಬೆಳೆದವರಿಗೆ ಈ ಸಂಖ್ಯೆ ನೋಡಿ ನಗು ಬಂದೀತು, ಕಾಕತಾಳೀಯವೆನ್ನದೆ ವಿಧಿಯಿಲ್ಲ.

ಈಗ ಎರಡು ಸಾಲು, ಎರಡು ಕಂಬಗಳ ಒಂದು ಚೌಕ ಎಳೆದು, ಮೇಲ್ಗಡೆ ತಾಯಿಯ ಎರಡು ಅಕ್ಷರಗಳನ್ನೂ ಎಡಗಡೆ ತಂದೆಯ ಎರಡು ಅಕ್ಷರಗಳನ್ನೂ ಬರೆದು, ಪ್ರತಿ ಮನೆಯಲ್ಲಿ ಆ ಸಾಲು ಮತ್ತು ಆ ಕಂಬದ ಅಕ್ಷರಗಳನ್ನು ಕೂಡಿಸಿ. ಕೇಂಬ್ರಿಜ್‌ನ ವಿಜ್ಞಾನಿ ರೆಜಿನಾಲ್ಡ್ ಪನೆಟ್ ರೂಪಿಸಿದ ಈ ವಿಧಾನಕ್ಕೆ ಅವರ ಹೆಸರೇ ಉಳಿದಿದೆ. ತಂದೆ ತಾಯಿ ಇಬ್ಬರೂ 'ಕಾ-ಕ' ಆದರೆ ನಾಲ್ಕು ಮನೆಗಳಲ್ಲಿ ಒಂದು 'ಕಾ-ಕಾ', ಎರಡು 'ಕಾ-ಕ', ಒಂದು 'ಕ-ಕ' ಸಿಗುತ್ತವೆ. ಅಂದರೆ ಮೂರು ಕಪ್ಪು, ಒಂದು ಚಾಕೊಲೇಟ್.

ಇಲ್ಲಿ ಹೆಚ್ಚಿನವರು ಎಡವುತ್ತಾರೆ. ನಾಲ್ಕರಲ್ಲಿ ಒಂದು ಎನ್ನುವುದು ಪ್ರತಿ ಮರಿಗೂ ಬೇರೆಬೇರೆಯಾಗಿ ಅನ್ವಯಿಸುವ ಸಾಧ್ಯತೆ. ಎಂಟು ಮರಿಗಳು ಹುಟ್ಟಿದರೆ ಎರಡು ಚಾಕೊಲೇಟ್ ಬಂದೇ ಬರಬೇಕೆಂದೇನೂ ಇಲ್ಲ. ಎಂಟೂ ಕಪ್ಪಾಗುವ ಸಾಧ್ಯತೆಯೇ ನೂರಕ್ಕೆ ಹತ್ತರಷ್ಟಿದೆ. ಸಂಖ್ಯೆ ಬೆಳೆದಂತೆ ಅನುಪಾತ ಹದಕ್ಕೆ ಬರುತ್ತದೆ. ಗ್ರೆಗರ್ ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಬಟಾಣಿ ಪ್ರಯೋಗದಲ್ಲಿ 5,474 ಗುಂಡು ಬೀಜಗಳೂ 1,850 ಸುಕ್ಕು ಬೀಜಗಳೂ ಸಿಕ್ಕಿದ್ದವು, ಅಂದರೆ 2.96ಕ್ಕೆ 1.

ಮಕ್ಕಳಿಂದ ತಂದೆತಾಯಿಯ ಕಡೆಗೆ

ಕಪ್ಪು ಗಂಡುನಾಯಿಯೊಂದು ವಾಹಕವೋ ಅಲ್ಲವೋ ಎಂದು ತಿಳಿಯಬೇಕಿದೆ ಎನ್ನೋಣ. ಅದನ್ನು ಚಾಕೊಲೇಟ್ ಹೆಣ್ಣುನಾಯಿಯೊಂದಿಗೆ ಕೂಡಿಸಿದಾಗ ತಾಯಿಯಿಂದ 'ಕ' ಬಿಟ್ಟು ಬೇರೇನೂ ಬರಲಾರದ್ದರಿಂದ, ತಂದೆಯಿಂದ ಬಂದದ್ದೇನು ಎಂಬುದನ್ನು ಮರಿಗಳ ಮೈಬಣ್ಣವೇ ಹೇಳುತ್ತದೆ. ಒಂದೇ ಒಂದು ಚಾಕೊಲೇಟ್ ಮರಿ ಹುಟ್ಟಿದರೂ ಸಾಕು, ತಂದೆ ವಾಹಕವೆಂಬುದು ಖಚಿತ. ಎಲ್ಲವೂ ಕಪ್ಪಾದರೆ ಖಚಿತತೆ ಬರುವುದು ನಿಧಾನವಾಗಿ. ವಾಹಕನಾಗಿದ್ದೂ ಒಂದು ಮರಿ ಕಪ್ಪಾಗುವ ಸಾಧ್ಯತೆ ಅರ್ಧ, ಎರಡೂ ಕಪ್ಪಾಗುವುದು ಕಾಲು, ಏಳೂ ಕಪ್ಪಾಗುವುದು 128ರಲ್ಲಿ ಒಂದು. 'ಇದೆ' ಎನ್ನಲು ಒಂದು ಮರಿ ಸಾಕು, 'ಇಲ್ಲ' ಎನ್ನಲು ಒಂದು ಸೂಲೇ ಬೇಕು. ತಳಿ ಅಭಿವೃದ್ಧಿ ಮಾಡುವವರ ತಾಳ್ಮೆಯೆಲ್ಲ ಈ ಅಂತರದಲ್ಲೇ ಖರ್ಚಾಗುತ್ತದೆ.

ರಕ್ತದ ಗುಂಪಿಗೂ ಇದೇ ಕ್ರಮ. 'ಓ' ಗುಂಪಿನ ಮಗುವಿಗೆ ಎರಡೂ ಕಡೆಯಿಂದ 'ಓ' ಬಂದಿರಲೇಬೇಕು. ಆದ್ದರಿಂದ 'ಎ' ಗುಂಪಿನ ತಾಯಿ 'ಎ-ಓ', 'ಬಿ' ಗುಂಪಿನ ತಂದೆ 'ಬಿ-ಓ'. ಅವರ ಮುಂದಿನ ಮಗು 'ಎ', 'ಬಿ', 'ಎಬಿ', 'ಓ' ಈ ನಾಲ್ಕರಲ್ಲಿ ಯಾವುದೂ ಆಗಬಹುದು, ಪ್ರತಿಯೊಂದರ ಸಾಧ್ಯತೆಯೂ ಕಾಲು ಭಾಗ. ಈ ಲೆಕ್ಕ ತಾಳೆಯಾಗದಿದ್ದಾಗ ಮನೆಯಲ್ಲಿ ಅನುಮಾನದ ಮಾತು ಎತ್ತುವವರು 1952ರಲ್ಲಿ ವೈ. ಎಂ. ಭೆಂಡೆ ಮತ್ತು ಸಂಗಡಿಗರು ವರದಿ ಮಾಡಿದ 'ಬಾಂಬೆ' ಗುಂಪಿನ ಬಗ್ಗೆ ತಿಳಿದಿರಬೇಕು. 'ಎ' ಮತ್ತು 'ಬಿ' ಎರಡಕ್ಕೂ ತಳಪಾಯವಾದ 'ಎಚ್' ಎಂಬ ವಸ್ತುವೇ ಇವರ ಕೆಂಪು ರಕ್ತಕಣಗಳ ಮೇಲೆ ಇರುವುದಿಲ್ಲ. ಹೀಗಾಗಿ 'ಎ' ಅಥವಾ 'ಬಿ' ವಂಶವಾಹಿ ಇದ್ದರೂ ಸಾಮಾನ್ಯ ಪರೀಕ್ಷೆಯಲ್ಲಿ ಅವರ ರಕ್ತ 'ಓ' ಎಂದೇ ತೋರುತ್ತದೆ, ಅವರ ಮಕ್ಕಳಲ್ಲಿ ಮಾತ್ರ ಅಡಗಿದ್ದ ಗುಂಪು ಮತ್ತೆ ಕಾಣಿಸಿಕೊಳ್ಳಬಹುದು.

ಲೆಕ್ಕ ತಪ್ಪಿದಂತೆ ಕಂಡರೆ

ಬದಿಗಿಟ್ಟಿದ್ದ ಹಳದಿ ನಾಯಿಗಳನ್ನು ಈಗ ಕರೆತರೋಣ. ಎರಡು ಕಪ್ಪು ನಾಯಿಗಳಿಗೆ ಹಳದಿ ಮರಿಯೂ ಹುಟ್ಟಬಹುದು, ಏಕೆಂದರೆ ಅದರ ಹಿಂದಿರುವುದು ಎರಡನೆಯ ವಂಶವಾಹಿ. ಅದರ 'ಹಾ' ರೂಪ ಕೂದಲಿಗೆ ಗಾಢ ಬಣ್ಣ ಸೇರಲು ಬಿಡುತ್ತದೆ. 'ಹ-ಹ' ಜೋಡಿ ಬಂದರೆ ಮೊದಲ ವಂಶವಾಹಿ ಏನೇ ಹೇಳಲಿ, ಮೈ ಹಳದಿಯೇ. ಎರಡೂ ಜೋಡಿಗಳಲ್ಲಿ ವಾಹಕರಾದ ಎರಡು ಕಪ್ಪು ನಾಯಿಗಳಿಗೆ ಹದಿನಾರು ಮನೆಗಳ ಚೌಕ ಎಳೆದರೆ ಒಂಬತ್ತು ಕಪ್ಪು, ಮೂರು ಚಾಕೊಲೇಟ್, ನಾಲ್ಕು ಹಳದಿ ಬರುತ್ತವೆ. ಆ ನಾಲ್ಕು ಹಳದಿ ಮನೆಗಳ ಮೊದಲ ಜೋಡಿಯಲ್ಲಿ ಅಡಗಿರುವುದೇನು ಎಂದು ತಿಳಿಯಲು ಮೂಗನ್ನೂ ಕಣ್ಣಿನ ಅಂಚನ್ನೂ ಹತ್ತಿರದಿಂದ ನೋಡಬೇಕು. ಹಳದಿ ಮಾಡುವ ಜೋಡಿಯ ಆಟ ಕೂದಲಿನ ಮೇಲಷ್ಟೇ ನಡೆಯುವುದರಿಂದ, 'ಕಾ' ಇದ್ದರೆ ಅಲ್ಲಿನ ಚರ್ಮ ಕಪ್ಪು, 'ಕ-ಕ' ಆಗಿದ್ದರೆ ಕಂದು. ವಯಸ್ಸಾದಂತೆ ಅಥವಾ ಚಳಿಗಾಲದಲ್ಲಿ ಕೆಲವು ನಾಯಿಗಳ ಮೂಗು ಮಂಕಾಗುವುದುಂಟು, ಆಗ ಕಣ್ಣಿನ ಅಂಚನ್ನೇ ನಂಬಿ.

ಗಂಡು ಹೆಣ್ಣುಗಳಲ್ಲಿ ಫಲಿತಾಂಶ ಬೇರೆಯಾದರೆ ವಂಶವಾಹಿ ಎಕ್ಸ್ ವರ್ಣತಂತುವಿನ ಮೇಲಿದೆಯೇ ಎಂದು ನೋಡಿ. ಪುರುಷನಿಗೆ ಎಕ್ಸ್ ಒಂದೇ, ಅದು ಬಂದದ್ದು ತಾಯಿಯಿಂದ, ಅವನು ಅದನ್ನು ಕೊಡುವುದು ಹೆಣ್ಣುಮಕ್ಕಳಿಗೆ ಮಾತ್ರ. ಕೆಂಪು-ಹಸಿರು ವರ್ಣಾಂಧತೆ ಗಂಡಸರಲ್ಲಿ ಹೆಚ್ಚಾಗಿರುವುದಕ್ಕೂ, ತಂದೆಯಿಂದ ಮಗನಿಗೆ ನೇರವಾಗಿ ದಾಟದಿರುವುದಕ್ಕೂ ಕಾರಣ ಇದೇ.

ಮನೆತನದ ನಕ್ಷೆ

ಮನುಷ್ಯರಲ್ಲಿ ಪರೀಕ್ಷಾರ್ಥವಾಗಿ ಜೋಡಿ ಕೂಡಿಸುವಂತಿಲ್ಲವಾದ್ದರಿಂದ ಆಗಿಹೋದದ್ದನ್ನೇ ನಕ್ಷೆಯಾಗಿ ಬರೆಯಬೇಕು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ತೊಂದರೆ ಇರುವವರಿಗೆ ತುಂಬಿದ ಚಿಹ್ನೆ, ವಾಹಕರೆಂದು ಗೊತ್ತಿರುವವರಿಗೆ ಅರ್ಧ ತುಂಬಿದ ಚಿಹ್ನೆ. ದಂಪತಿಗಳ ನಡುವೆ ಅಡ್ಡಗೆರೆ, ಮಕ್ಕಳಿಗೆ ಇಳಿಗೆರೆ. ತೊಂದರೆಯಿಲ್ಲದ ತಂದೆತಾಯಿಗೆ ತೊಂದರೆಯಿರುವ ಮಗು ಹುಟ್ಟಿದ್ದರೆ ಗುಣ ಸುಪ್ತವಾದದ್ದೆಂದು ಮೊದಲು ಊಹಿಸಿ.

ಥಲಸ್ಸೀಮಿಯಾ ಇರುವ ಒಬ್ಬರ ಆರೋಗ್ಯವಂತ ತಂಗಿಯನ್ನು ತೆಗೆದುಕೊಳ್ಳಿ. ಆಕೆ ವಾಹಕಳಾಗಿರುವ ಸಾಧ್ಯತೆ ಎಷ್ಟು ಎಂದರೆ ಚೌಕ ನೋಡಿದವರು ಅರ್ಧ ಎನ್ನುತ್ತಾರೆ. ಸರಿಯಾದ ಉತ್ತರ ಮೂರರಲ್ಲಿ ಎರಡು. ಆಕೆಗೆ ರೋಗವಿಲ್ಲವೆಂದು ಈಗಾಗಲೇ ಗೊತ್ತಿರುವುದರಿಂದ ನಾಲ್ಕನೆಯ ಮನೆಯನ್ನು ಹೊಡೆದುಹಾಕಬೇಕು, ಉಳಿದ ಮೂರರಲ್ಲಿ ಎರಡು ವಾಹಕರ ಮನೆಗಳು. ಆಕೆಯ ಗಂಡನೂ ವಾಹಕನೆಂದು ತಿಳಿದಿದ್ದರೆ ಅವರ ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ ಮೂರರಲ್ಲಿ ಎರಡರ ಕಾಲು ಭಾಗ, ಅಂದರೆ ಆರರಲ್ಲಿ ಒಂದು. ಇಲ್ಲಿಂದ ಮುಂದೆ ಪೆನ್ಸಿಲ್ ಕೆಳಗಿಟ್ಟು ಆಕೆಯ ರಕ್ತ ಪರೀಕ್ಷೆ ಮಾಡಿಸಬೇಕು. ವಾಹಕಳೆಂದು ಬಂದರೆ ಆರರಲ್ಲಿ ಒಂದು ಎಂಬುದು ನಾಲ್ಕರಲ್ಲಿ ಒಂದಾಗುತ್ತದೆ, ಮತ್ತು ದಂಪತಿ ವೈದ್ಯರೊಂದಿಗೆ ಮಾತಾಡಬೇಕಾದದ್ದು ಗರ್ಭಧಾರಣೆಗೆ ಮೊದಲೇ. ವಾಹಕಳಲ್ಲವೆಂದು ಬಂದರೆ ಗಂಡ ವಾಹಕನಾಗಿದ್ದರೂ ಮಕ್ಕಳು ಹೆಚ್ಚೆಂದರೆ ಅವನಂತೆ ವಾಹಕರಾದಾರು.